ರ‍್ಯಾಂಡಮ್ ಟೆಲಿಗ್ರಾಫ್ ನಾಯ್ಸ್: ಇಲೆಕ್ಟ್ರಾನಿಕ್ ಸಾಧನಗಳನ್ನು ಪರೀಕ್ಷೆಗೆ ಸಲ್ಲಿಸುವವರಿಗೆ ಮಾಹಿತಿ

1. ಪೀಠಿಕೆ

ಇಲೆಕ್ಟ್ರಾನಿಕ್ ಸಾಧನವೊಂದರ ಅಳತೆಯು ಯಾವುದೇ ಬಾಹ್ಯ ಕಾರಣವಿಲ್ಲದೆ ಎರಡು ನಿಶ್ಚಿತ ಮಟ್ಟಗಳ ನಡುವೆ ಹಠಾತ್ತನೆ ಬದಲಾಗುತ್ತಿರುವುದನ್ನು ರ‍್ಯಾಂಡಮ್ ಟೆಲಿಗ್ರಾಫ್ ನಾಯ್ಸ್ ಎಂದು ಕರೆಯಲಾಗುತ್ತದೆ. ಇದನ್ನು ಕನ್ನಡದಲ್ಲಿ ಯಾದೃಚ್ಛಿಕ ತಂತಿ ಗದ್ದಲ ಎನ್ನಬಹುದು. ಈ ಗದ್ದಲದಿಂದಾಗಿ ದೋಷವುಳ್ಳ ಸಾಧನವು ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಹಾಗೂ ಸುಸ್ಥಿತಿಯಲ್ಲಿರುವ ಸಾಧನವು ತಿರಸ್ಕೃತವಾಗುವ ಸಂಭವವಿರುತ್ತದೆ. ಆದ್ದರಿಂದ ಸಾಧನಗಳನ್ನು ಪರೀಕ್ಷೆಗೆ ಸಲ್ಲಿಸುವವರು ಇದರ ಸ್ವರೂಪವನ್ನು ತಿಳಿದಿರುವುದು ಅಗತ್ಯ.

2. ಹೆಸರಿನ ಅರ್ಥ

ತಂತಿ ಯಂತ್ರದಲ್ಲಿ ಸಂಕೇತವು ಇರುತ್ತದೆ ಅಥವಾ ಇರುವುದಿಲ್ಲ. ನಡುವಿನ ಸ್ಥಿತಿ ಇಲ್ಲ. 2013ರ ಜುಲೈ ತಿಂಗಳಿನಲ್ಲಿ ಭಾರತದಲ್ಲಿ ಸ್ಥಗಿತಗೊಂಡ ತಂತಿ ಸೇವೆಯನ್ನು ಬಲ್ಲವರಿಗೆ ಈ ಹೋಲಿಕೆ ಸುಲಭವಾಗಿ ತಿಳಿಯುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಸಂಕೇತವನ್ನು ಕಳುಹಿಸುವವರು ಯಾರೂ ಇರುವುದಿಲ್ಲ. ಮುಂದಿನ ಬದಲಾವಣೆ ಯಾವಾಗ ಸಂಭವಿಸುವುದೆಂದು ಮುಂಚಿತವಾಗಿ ಹೇಳಲಾಗದು. ಪ್ರತಿ ಮಟ್ಟದಲ್ಲಿ ಕಳೆಯುವ ಸರಾಸರಿ ಅವಧಿಯನ್ನು ಮಾತ್ರ ತಿಳಿಯಬಹುದು.

3. ಕಾರಣ

ಮಾಸ್‌ಫೆಟ್ ಟ್ರಾನ್ಸಿಸ್ಟರ್‌ನಲ್ಲಿ ಸಿಲಿಕಾನ್‌ನ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರವಿರುತ್ತದೆ. ಈ ಪದರದಲ್ಲಿರುವ ಪರಮಾಣು ಗಾತ್ರದ ನ್ಯೂನತೆಯೊಂದು, ಪಕ್ಕದಲ್ಲಿ ಹರಿಯುವ ಒಂದು ಇಲೆಕ್ಟ್ರಾನನ್ನು ಸೆರೆಹಿಡಿದು, ಕೆಲ ಸಮಯದ ನಂತರ ಬಿಡುಗಡೆ ಮಾಡುತ್ತದೆ. ಇಲೆಕ್ಟ್ರಾನ್ ಸೆರೆಯಲ್ಲಿರುವಾಗ ವಿದ್ಯುತ್ ಪ್ರವಾಹ ತುಸು ತಗ್ಗುತ್ತದೆ. ಬಿಡುಗಡೆಯಾದಾಗ ಹಿಂದಿನ ಮಟ್ಟಕ್ಕೆ ಮರಳುತ್ತದೆ. ಬದಲಾವಣೆಗಳ ನಡುವಿನ ಅವಧಿಯು ಮೈಕ್ರೋಸೆಕೆಂಡುಗಳಿಂದ ಗಂಟೆಗಳವರೆಗೂ ಇರಬಹುದು. ಉಷ್ಣತೆ ಹೆಚ್ಚಿದಂತೆ ಬದಲಾವಣೆಗಳು ಸಾಮಾನ್ಯವಾಗಿ ಶೀಘ್ರವಾಗುತ್ತವೆ. ಗೇಟ್ ವೋಲ್ಟೇಜ್ ಬದಲಾದಾಗ ಎರಡು ಮಟ್ಟಗಳಲ್ಲಿ ಕಳೆಯುವ ಕಾಲದ ಅನುಪಾತವೂ ಬದಲಾಗುತ್ತದೆ.

4. ಸಾಧನದ ಗಾತ್ರದ ಪರಿಣಾಮ

ಸಾಧನವು ಚಿಕ್ಕದಾದಷ್ಟೂ ಒಂದು ಇಲೆಕ್ಟ್ರಾನಿನ ಪ್ರಭಾವ ಹೆಚ್ಚುತ್ತದೆ. 2 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಡೈಆಕ್ಸೈಡ್ ಪದರವಿರುವ ಟ್ರಾನ್ಸಿಸ್ಟರ್‌ಗೆ ಸರಳ ಲೆಕ್ಕ ಹೀಗಿದೆ: ಗೇಟಿನ ಉದ್ದ ಮತ್ತು ಅಗಲ ತಲಾ 1 ಮೈಕ್ರೋಮೀಟರ್ ಇದ್ದಲ್ಲಿ ಒಂದು ಇಲೆಕ್ಟ್ರಾನಿನಿಂದ ಉಂಟಾಗುವ ವೋಲ್ಟೇಜ್ ಪಲ್ಲಟ ಸುಮಾರು 9 ಮೈಕ್ರೋವೋಲ್ಟ್, ತಲಾ 50 ನ್ಯಾನೋಮೀಟರ್ ಇದ್ದಲ್ಲಿ ಸುಮಾರು 3.7 ಮಿಲಿವೋಲ್ಟ್, ಅಂದರೆ 400 ಪಟ್ಟು ಅಧಿಕ. ದೊಡ್ಡ ಸಾಧನಗಳಲ್ಲಿ ಅನೇಕ ನ್ಯೂನತೆಗಳ ಪರಿಣಾಮಗಳು ಒಂದರಲ್ಲೊಂದು ಬೆರೆತು ಎರಡು ಮಟ್ಟಗಳು ಪ್ರತ್ಯೇಕವಾಗಿ ಕಾಣುವುದಿಲ್ಲ.

5. ಹಿನ್ನೆಲೆ

1954ರಲ್ಲಿ ಮ್ಯಾಕ್‌ಲಪ್ ಅವರು ಎರಡು ಮಟ್ಟಗಳ ಯಾದೃಚ್ಛಿಕ ಸಂಕೇತದ ಗಣಿತವನ್ನು ಪ್ರಕಟಿಸಿದರು. 1984ರಲ್ಲಿ ರಾಲ್ಸ್ ಮತ್ತು ಸಹೋದ್ಯೋಗಿಗಳು ಅತಿ ಕಿರಿದಾದ ಸಿಲಿಕಾನ್ ಸಾಧನಗಳಲ್ಲಿ, ಒಂದೊಂದೇ ಇಲೆಕ್ಟ್ರಾನ್ ಸೆರೆಯಾಗುವುದರಿಂದ ರೋಧವು ಮೆಟ್ಟಿಲಿನಂತೆ ಬದಲಾಗುವುದನ್ನು ತೋರಿಸಿಕೊಟ್ಟರು.

6. ದಿನಬಳಕೆಯ ಸಾಧನಗಳಲ್ಲಿ

(ಅ) ಕ್ಯಾಮರಾ: ಚಿತ್ರ ಸಂವೇದಕದ ಕೆಲವು ಬಿಂದುಗಳು ಮಂದ ಬೆಳಕಿನಲ್ಲಿ ಮಿನುಗಿದಂತೆ ಕಾಣುತ್ತವೆ.
(ಆ) ಫ್ಲ್ಯಾಶ್ ಮೆಮೊರಿ: ಕೋಶದಲ್ಲಿರುವ ಮೌಲ್ಯವನ್ನು ಓದುವಾಗ ತಪ್ಪಾಗಬಹುದು. ಇಂತಹ ತಪ್ಪುಗಳನ್ನು ದೋಷ ತಿದ್ದುವ ಸಂಕೇತಗಳ ಮೂಲಕ ಸರಿಪಡಿಸಲಾಗುತ್ತದೆ.
(ಇ) ಡೈನಮಿಕ್ ರ‍್ಯಾಮ್: ಕೆಲವು ಕೋಶಗಳು ಮಾಹಿತಿಯನ್ನು ಹಿಡಿದಿಟ್ಟುಕೊಳ್ಳುವ ಅವಧಿಯೇ ಎರಡು ಮೌಲ್ಯಗಳ ನಡುವೆ ಬದಲಾಗುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೋಶವು ಬಳಕೆಯ ಸಮಯದಲ್ಲಿ ವಿಫಲವಾಗಲು ಇದೂ ಒಂದು ಕಾರಣ.

7. ಕ್ವಾಂಟಮ್ ವ್ಯವಸ್ಥೆಗಳಲ್ಲಿ

ಅತಿವಾಹಕ ಮಂಡಲಗಳಿಂದ ರಚಿಸಿದ ಕ್ಯೂಬಿಟ್‌ಗಳಲ್ಲಿಯೂ ಇದೇ ವರ್ತನೆ ಕಂಡುಬಂದಿದೆ. ಆಕ್ಸೈಡ್ ಪದರದ ನ್ಯೂನತೆಗಳಿಂದಾಗಿ ಕ್ಯೂಬಿಟ್‌ನ ಆವರ್ತನವು ಎರಡು ಮೌಲ್ಯಗಳ ನಡುವೆ ಜಿಗಿಯಬಹುದು. ಆದ್ದರಿಂದ ಒಮ್ಮೆ ಹೊಂದಿಸಿದ ಯಂತ್ರವನ್ನು ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ.

ಆದರೆ ಎರಡು ಮಟ್ಟಗಳ ಸಂಕೇತವು ಎಲ್ಲೆಡೆಯೂ ಗದ್ದಲವಲ್ಲ. 1986ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೆಹ್‌ಮೆಲ್ಟ್ ಮತ್ತು ಸಹೋದ್ಯೋಗಿಗಳು ಒಂದೇ ಒಂದು ಬೇರಿಯಂ ಅಯಾನಿನ ಬೆಳಕು ಹಠಾತ್ತನೆ ಆರಿ ಪುನಃ ಬೆಳಗುವುದನ್ನು ದಾಖಲಿಸಿದರು. ಅಯಾನು ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಜಿಗಿಯುವುದನ್ನು ಆ ಸಂಕೇತದಿಂದಲೇ ತಿಳಿಯಲಾಯಿತು.

8. ಪರೀಕ್ಷೆಗೆ ಸಲ್ಲಿಸುವವರು ಗಮನಿಸಬೇಕಾದ ಅಂಶಗಳು

(1) ಒಂದೇ ಅಳತೆಯ ಆಧಾರದ ಮೇಲೆ ತೀರ್ಮಾನಕ್ಕೆ ಬರಬಾರದು.
(2) ವೀಕ್ಷಣೆಯ ಅವಧಿಯು ಬದಲಾವಣೆಯ ಸರಾಸರಿ ಅವಧಿಗಿಂತ ಬಹಳಷ್ಟು ದೀರ್ಘವಾಗಿರಬೇಕು. ಉದಾಹರಣೆಗೆ, ಸಾಧನವು ಪ್ರತಿ ಮಟ್ಟದಲ್ಲಿ ಸರಾಸರಿ 10 ನಿಮಿಷ ಇರುತ್ತದೆ ಎಂದಿಟ್ಟುಕೊಂಡರೆ, 1 ನಿಮಿಷದ ಪರೀಕ್ಷೆಯಲ್ಲಿ 100ಕ್ಕೆ ಸುಮಾರು 90 ಬಾರಿ ಯಾವ ಬದಲಾವಣೆಯೂ ಕಾಣುವುದಿಲ್ಲ. 50 ನಿಮಿಷಗಳ ಪರೀಕ್ಷೆಯಲ್ಲಿ ಬದಲಾವಣೆ ಕಾಣದಿರುವ ಸಂಭವ 100ಕ್ಕೆ 1ಕ್ಕಿಂತ ಕಡಿಮೆ.
(3) ಸರಾಸರಿ ಮೌಲ್ಯವನ್ನು ಮಾತ್ರ ನೀಡದೆ, ಕಾಲಾನುಕ್ರಮದ ಸಂಪೂರ್ಣ ದಾಖಲೆಯನ್ನು ಲಗತ್ತಿಸುವುದು ಸೂಕ್ತ. ಎರಡು ಮಟ್ಟಗಳ ಸರಾಸರಿಯು, ಸಾಧನದಲ್ಲಿ ಎಂದೂ ಇಲ್ಲದ ಮೌಲ್ಯವಾಗಿರುತ್ತದೆ.
(4) ಅಳತೆಯ ಸಮಯದ ಉಷ್ಣತೆ ಹಾಗೂ ವೋಲ್ಟೇಜ್‌ಗಳನ್ನು ನಮೂದಿಸಬೇಕು. ಇವು ಬದಲಾದಲ್ಲಿ ಫಲಿತಾಂಶಗಳನ್ನು ಪರಸ್ಪರ ಹೋಲಿಸಲಾಗದು.
(5) ಸಡಿಲ ಜೋಡಣೆಯಿಂದಲೂ ಅಳತೆಯು ಜಿಗಿಯಬಹುದಾದ ಕಾರಣ, ತಂತಿ ಮತ್ತು ಸಂಪರ್ಕಗಳನ್ನು ಮೊದಲು ಪರಿಶೀಲಿಸತಕ್ಕದ್ದು.

ಎರಡು ಬಾರಿ ಪರೀಕ್ಷಿಸಿದಾಗ ಭಿನ್ನ ಫಲಿತಾಂಶ ಬಂದಲ್ಲಿ, ಅವುಗಳಲ್ಲಿ ಒಂದು ತಪ್ಪೆಂದೇ ಭಾವಿಸಬೇಕಾಗಿಲ್ಲ. ಎರಡೂ ಆಯಾ ಕ್ಷಣದ ಮಟ್ಟಿಗೆ ಸರಿಯಾಗಿರಬಹುದು. ಅಂತಹ ಸಂದರ್ಭದಲ್ಲಿ ಸಾಧನವನ್ನು ತಿರಸ್ಕರಿಸುವ ಅಥವಾ ಅಂಗೀಕರಿಸುವ ಮುನ್ನ ದೀರ್ಘಾವಧಿಯ ಪರೀಕ್ಷೆಯನ್ನು ಕೋರುವುದು ಸೂಕ್ತ.