ಸಿಂಹಾಸನ ಕಟ್ಟಿದ ಊರು, ರಸ್ತೆ ಬೆಳೆಸಿದ ಊರು

ಕಲ್ಯಾಣವು, ಅಂದರೆ ಇಂದಿನ ಬಸವಕಲ್ಯಾಣವು, ಒಂದು ಕಾಲಕ್ಕೆ ಶತ್ರು ಸುಟ್ಟು ಸೂರೆ ಮಾಡಿ ಬೀಗುವಷ್ಟು ದೊಡ್ಡ ನಗರವಾಗಿತ್ತು ಎಂಬುದಕ್ಕೆ ಗಟ್ಟಿ ಸಾಕ್ಷಿ ಇರುವುದು ಬೀದರ್ ಜಿಲ್ಲೆಯಲ್ಲಲ್ಲ, ತಮಿಳುನಾಡಿನ ತಂಜಾವೂರಿನಲ್ಲಿ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಚಾಲುಕ್ಯ ಶೈಲಿಯ ದ್ವಾರಪಾಲಕ ಮೂರ್ತಿಯೊಂದಿದೆ. ಚೋಳ ದೊರೆ ರಾಜಾಧಿರಾಜ 1045ರ ಸುಮಾರಿಗೆ ಕಲ್ಯಾಣಪುರಕ್ಕೆ ಬೆಂಕಿಯಿಟ್ಟು ಇದನ್ನು ತಂದನೆಂದು ಅದರ ಮೇಲಿನ ತಮಿಳು ಬರಹ ಹೇಳುತ್ತದೆ. ದಾರಾಸುರದ ದೇಗುಲದಲ್ಲಿ ಬಹುಕಾಲ ನಿಂತಿದ್ದ ಈ ಕಾವಲುಗಾರ ತಾನು ಕಾಯಬೇಕಿದ್ದ ಬಾಗಿಲಿಗೆ ಮರಳಲೇ ಇಲ್ಲ.

ಆಗ ಕಲ್ಯಾಣಕ್ಕೆ ರಾಜಧಾನಿಯ ಪಟ್ಟ ಸಿಕ್ಕು ಹೆಚ್ಚು ಕಾಲವಾಗಿರಲಿಲ್ಲ. ಚಾಲುಕ್ಯರ ಒಂದನೇ ಸೋಮೇಶ್ವರ ಮಾನ್ಯಖೇಟವನ್ನು, ಅಂದರೆ ಇಂದಿನ ಮಳಖೇಡವನ್ನು, ಬಿಟ್ಟು ಇಲ್ಲಿಗೆ ಬಂದಿದ್ದ. ಮಳಖೇಡದ ಮಗ್ಗುಲಲ್ಲಿ ಕಾಗಿಣಾ ನದಿ ಹರಿಯುತ್ತದೆ. ಕಲ್ಯಾಣದ ಪಕ್ಕದಲ್ಲಿ ಅಂಥ ದೊಡ್ಡ ಹೊಳೆಯಿಲ್ಲ; ಮಾಂಜ್ರಾ ಉತ್ತರಕ್ಕೆ ದೂರ. ನೆಲದ ಏರಿಳಿತವೇ ಅರಸನನ್ನು ಸೆಳೆದಿರಬೇಕು. ಈಗಿರುವ ಕೋಟೆಯೂ ಬಂಡೆಗಳ ನಡುವಿನ ತಗ್ಗಿನಲ್ಲಿ ಅಡಗಿ ಕೂತಿದೆ, ಹತ್ತಿರ ಹೋಗುವ ತನಕ ಕಣ್ಣಿಗೆ ಬೀಳುವುದಿಲ್ಲ. ಹೊಳೆಯಿಲ್ಲದ ಊರಿಗೆ ಕೆರೆ, ಬಾವಿ, ಹೊಂಡಗಳೇ ಗತಿ. ತ್ರಿಪುರಾಂತಕ ಕೆರೆ, ಮಡಿವಾಳ ಮಾಚಯ್ಯನ ಹೊಂಡ ಎಂಬ ಹೆಸರುಗಳು ಊರವರ ಬಾಯಲ್ಲಿ ಇಂದಿಗೂ ಇವೆ.

ಸುಟ್ಟ ಊರು ಬೇಗ ಎದ್ದಿತು. ಆರನೇ ವಿಕ್ರಮಾದಿತ್ಯ 1076ರಿಂದ ಅರ್ಧ ಶತಮಾನ ಇಲ್ಲಿಂದ ಆಳಿದ. ಕಾಶ್ಮೀರದಿಂದ ಹೊರಟ ಕವಿ ಬಿಲ್ಹಣ ಕೊನೆಗೆ ನೆಲೆ ಕಂಡದ್ದು ಈ ಆಸ್ಥಾನದಲ್ಲಿ. ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದೂ ಇಲ್ಲೇ. ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಶತಮಾನಗಳ ಕಾಲ ಆ ಗ್ರಂಥದ ಪ್ರಕಾರ. ಇಂಥ ಪುರ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ವಿಜ್ಞಾನೇಶ್ವರ ಹೊಗಳಿದ್ದರಲ್ಲಿ ಆಸ್ಥಾನ ಪಂಡಿತನ ದಾಕ್ಷಿಣ್ಯವೂ ಸ್ವಲ್ಪ ಇದ್ದೀತು. ಆದರೂ ಕಾಶ್ಮೀರದವನೊಬ್ಬ ಬದುಕು ಅರಸಿ ಬರುವ ಊರು ಸಾಮಾನ್ಯದ್ದಲ್ಲ.

ನಗರ ಹೇಗಿತ್ತೆಂದು ತಿಳಿಯಲು ಅರಸರ ಬಿರುದಾವಳಿಗಿಂತ ಶರಣರ ಹೆಸರುಗಳೇ ಹೆಚ್ಚು ಉಪಯೋಗ. 12ನೇ ಶತಮಾನದ ನಡುವೆ, ಕಳಚೂರಿ ಬಿಜ್ಜಳನ ಕಾಲಕ್ಕೆ, ಬಸವಣ್ಣನವರ ಸುತ್ತ ಸೇರಿದವರನ್ನು ಸಾಲಾಗಿ ನೋಡಿ: ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ, ಬಿದ್ದ ಅಕ್ಕಿ ಆಯುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಒಂದು ದೊಡ್ಡ ಊರು ದಿನ ದೂಡಲು ಬೇಕಾದ ಕೆಲಸಗಳೆಲ್ಲ ಇದರಲ್ಲಿವೆ. ಸೌದೆ ಮಾರಿ ಹೊಟ್ಟೆ ಹೊರೆಯಬೇಕಾದರೆ ಸೌದೆ ಕೊಳ್ಳುವ ಮನೆಗಳು ಸಾಕಷ್ಟಿರಬೇಕು. ಅಂಗಳದಲ್ಲಿ ಅಕ್ಕಿ ಚೆಲ್ಲಬೇಕಾದರೆ ಊರಿಗೆ ಹೊರಗಿನಿಂದ ಧಾನ್ಯ ಬರುತ್ತಿರಬೇಕು. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ವಾಪಸು ಸುರಿದು ಬರಲು ಲಕ್ಕಮ್ಮ ಹೇಳಿದ ಪ್ರಸಂಗ ಕನ್ನಡ ಮಕ್ಕಳಿಗೆಲ್ಲ ಗೊತ್ತು. ಅದನ್ನು ವೈರಾಗ್ಯದ ಕತೆಯಾಗಿ ಓದುವುದು ರೂಢಿ. ನಗರದ ದಾಸ್ತಾನನ್ನು ಯಾರು ಎಷ್ಟು ಬಳಸಬೇಕೆಂಬ ತಕರಾರಾಗಿಯೂ ಅದನ್ನು ಓದಬಹುದು.

ನಿತ್ಯ 1,96,000 ಜಂಗಮರಿಗೆ ಇಲ್ಲಿ ದಾಸೋಹ ನಡೆಯುತ್ತಿತ್ತೆಂದು ಪರಂಪರೆ ಹೇಳುತ್ತದೆ. ಅದನ್ನು ಜನಗಣತಿಯಂತೆ ಓದಬೇಕಿಲ್ಲ. ಜನ ಗುಂಪುಗುಂಪಾಗಿ ವಲಸೆ ಬಂದರೆಂಬ ನೆನಪು ಅದರಲ್ಲಿದೆ, ಅಷ್ಟು ಸಾಕು. 1167–68ರ ಹೊತ್ತಿಗೆ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಯ ಕಿಚ್ಚು ಊರನ್ನೇ ಸುಟ್ಟಿತು. ಬಿಜ್ಜಳನ ಕೊಲೆಯಾಯಿತು, ಶರಣರ ಒಂದು ತಂಡ ಉಳವಿಯವರೆಗೂ ಓಡಿತು. ಶತಮಾನ ಮುಗಿಯುವ ಮೊದಲೇ ಸಿಂಹಾಸನವೂ ಇಲ್ಲವಾಯಿತು.

ಈ ಸೀಮೆಯ ಚಾಳಿಯೇ ಅದು. ಮಳಖೇಡ, ಕಲ್ಯಾಣ, ಕಲಬುರಗಿ, ಬೀದರ್: ಒಂದರ ಹಿಂದೆ ಒಂದರಂತೆ ನಾಲ್ಕು ರಾಜಧಾನಿಗಳು ಎದ್ದವು. ದೊರೆ ಗಂಟು ಕಟ್ಟಿದಾಗಲೆಲ್ಲ ಅಕ್ಕಸಾಲಿಗನೂ ಕಲ್ಲುಕುಟಿಗನೂ ಹಿಂದೆ ನಡೆದರು. ಹೊಸ ರಾಜಧಾನಿಗೆ ಮೊದಲ ಪ್ರಶ್ನೆ ನೀರಿನದೇ. 15ನೇ ಶತಮಾನದ ಬಹಮನಿಗಳು ಅದಕ್ಕೆ ಬೀದರ್‌ನ ನೌಬಾದ್‌ನಲ್ಲಿ ಕೊಟ್ಟ ಉತ್ತರ ಸೊಗಸಾಗಿದೆ. ಬೀದರ್‌ನಿಂದ ಹುಮನಾಬಾದ್ ಕಡೆಗೆ ಹಬ್ಬಿದ ಎತ್ತರದ ನೆಲದಲ್ಲಿ ಮೇಲೆ ತೂತುತೂತಾದ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಗಲ್ಲು. ಮಳೆನೀರು ಜಂಬಿಟ್ಟಿಗೆಯಲ್ಲಿ ಇಳಿದು ಕರಿಗಲ್ಲಿಗೆ ತಾಗಿ ನಿಲ್ಲುತ್ತದೆ. ಆ ಸಂದು ಹುಡುಕಿ ಪರ್ಷಿಯಾದ ಮಾದರಿಯಲ್ಲಿ ಸುರಂಗ ಕೊರೆದು, 20ಕ್ಕೂ ಹೆಚ್ಚು ಗಾಳಿಬಾವಿಗಳನ್ನು ತೋಡಿ, ಇಳಿಜಾರಿನ ಬಲದಿಂದಲೇ ನೀರನ್ನು ಹರಿಸಿದರು. ಜನ ಅದನ್ನು ‘ಸುರಂಗ ಬಾವಿ’ ಎನ್ನುತ್ತಾರೆ. ಇತ್ತೀಚೆಗೆ ಹೂಳು ತೆಗೆದಾಗ ನೀರು ಇನ್ನೂ ಜಿನುಗುತ್ತಿತ್ತು.

ಕಲ್ಯಾಣ ಪೂರ್ತಿ ಪಾಳು ಬೀಳಲಿಲ್ಲ. ತುಘಲಕ್ ಅಧಿಕಾರಿಗಳು ಇಲ್ಲಿನ ಶಿವಾಲಯದ ಪೂಜೆಯನ್ನು ಮತ್ತೆ ಆರಂಭಿಸಲು ನೆರವಾದದ್ದನ್ನು 1326ರ ಸಂಸ್ಕೃತ ಶಾಸನ ಹೇಳುತ್ತದೆ. 1657ರಲ್ಲಿ ಔರಂಗಜೇಬ್ ಕೋಟೆ ಹಿಡಿದ. ನಿಜಾಮರ ಕಾಲಕ್ಕೆ ಇದು ನವಾಬರ ಜಾಗೀರು. ಕಂದಾಯ ಇಲ್ಲಿ, ಖರ್ಚು ಹೈದರಾಬಾದಿನಲ್ಲಿ. ಅಲ್ಲಿ ಬಡವರ ಬಿರಿಯಾನಿ ಎಂದು ಹೆಸರಾದ ‘ಕಲ್ಯಾಣಿ ಬಿರಿಯಾನಿ’ ಈ ನವಾಬರ ಹೈದರಾಬಾದ್ ಹವೇಲಿಯಿಂದ ಬಂದದ್ದು. ಊರಿಗೆ ಉಳಿದದ್ದು ಕೋಟೆ, ಊರ ಹೆಸರಿಗೆ ಸಿಕ್ಕದ್ದು ಒಂದು ಹೋಟೆಲ್ ಫಲಕ.

ನೆರೆಯ ಹುಮನಾಬಾದ್ ಬೆಳೆದ ದಾರಿ ಬೇರೆ. ಈ ಊರಿಗೆ ಪಟ್ಟ ಕಟ್ಟಿದವರು ಯಾರೂ ಇಲ್ಲ. ಪುಣೆ–ಹೈದರಾಬಾದ್ ರಸ್ತೆಯೂ ಬೀದರ್–ಕಲಬುರಗಿ ರಸ್ತೆಯೂ ಇಲ್ಲಿ ಒಂದನ್ನೊಂದು ದಾಟುತ್ತವೆ, ಊರಿನ ಭಾಗ್ಯವೆಲ್ಲ ಆ ಕೂಡುದಾರಿಯದ್ದು. ವೀರಭದ್ರೇಶ್ವರ ಜಾತ್ರೆಗೆ ಮೂರು ಭಾಷೆಯ ಜನ ನೆರೆಯುತ್ತಾರೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಸಂತ ಮಾಣಿಕಪ್ರಭುಗಳು ತಮ್ಮ ನೆಲೆಗೆ ಆರಿಸಿಕೊಂಡದ್ದೂ ಹುಮನಾಬಾದಿನ ಪಕ್ಕವನ್ನೇ. ಮಾಣಿಕನಗರಕ್ಕೆ ಹಿಂದೂಗಳೂ ಮುಸ್ಲಿಮರೂ ಬಂದರು, ಭಕ್ತರ ಜತೆ ಅಂಗಡಿಯೂ ಸಂಗೀತವೂ ಬಂದವು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ್, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಕಲ್ಯಾಣಿ ಬಸವಕಲ್ಯಾಣವಾಗಿ ಮೈಸೂರು ರಾಜ್ಯಕ್ಕೆ ಸೇರಿತು. ನಡುವೆ ಇದ್ದ ಊರುಗಳು ರಾತ್ರಿ ಬೆಳಗಾಗುವುದರೊಳಗೆ ಗಡಿಯೂರುಗಳಾದವು, ಬೆಂಗಳೂರು ಎಲ್ಲೋ ಉಳಿಯಿತು. ಆಮೇಲಿನ ಅರ್ಧ ಶತಮಾನ ಇಲ್ಲಿಯ ಹುಡುಗರು ಹೈದರಾಬಾದ್, ಪುಣೆ, ಮುಂಬೈ ಬಸ್ಸು ಹತ್ತಿದ್ದೇ ಹೆಚ್ಚು.

ಅಷ್ಟಾದರೂ ಊರುಗಳು ಹಿಗ್ಗಿದವು. 2011ರಲ್ಲಿ ಬಸವಕಲ್ಯಾಣದ ಜನಸಂಖ್ಯೆ ಸುಮಾರು 70 ಸಾವಿರ, ಹುಮನಾಬಾದಿನದು 44 ಸಾವಿರ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋದದ್ದರಿಂದ ನಲ್ಲಿ, ಗಟಾರ, ಕಸದ ಲೆಕ್ಕಗಳೆಲ್ಲ ಹಳೆಯ ಅಂಕಿಯ ಮೇಲೆಯೇ ನಿಂತಿವೆ. ಹೆದ್ದಾರಿ ನಾಲ್ಕು ಪಥವಾಯಿತು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಹುಮನಾಬಾದ್ ಅದರ ನಿಲ್ದಾಣವಾಯಿತು. ಬಸವಕಲ್ಯಾಣಕ್ಕೆ ರೈಲಿಲ್ಲ, ಅದರ ಬೆಳವಣಿಗೆ ಸಸ್ತಾಪುರ ಬಂಗ್ಲಾದ ಕಡೆಗೆ, ಹೆದ್ದಾರಿಯ ಲಾರಿ, ಗ್ಯಾರೇಜು, ಡಾಬಾಗಳತ್ತ ಚಾಚುತ್ತಿದೆ. ತೊಗರಿ ಬೆಳೆಯುತ್ತಿದ್ದ ಕರಿನೆಲಕ್ಕೆ ಬಿಳಿ ಕಲ್ಲು ನೆಟ್ಟು ಪ್ಲಾಟು ಮಾರುವುದು ಎರಡೂ ಊರಿನ ಹೊಸ ಬೆಳೆ.

ನೀರು ಮಾತ್ರ ಈಗ ದೂರದಿಂದ ಬರಬೇಕು: ಹುಮನಾಬಾದಿಗೆ ಕಾರಂಜಾ ಜಲಾಶಯದಿಂದ, ಬಸವಕಲ್ಯಾಣಕ್ಕೆ ಚುಳಕಿನಾಲಾ ಜಲಾಶಯದಿಂದ. ಕಾರಂಜಾಕ್ಕೆ ಜಮೀನು ಕೊಟ್ಟ ರೈತರು ದಶಕಗಳ ಬಳಿಕವೂ ನ್ಯಾಯವಾದ ಪರಿಹಾರ ಕೇಳಿ ಧರಣಿ ಕೂತಿದ್ದಾರೆ. ನಲ್ಲಿ ತಿರುಗಿಸುವವರಿಗೆ ಆ ಸಾಲ ನೆನಪಿರಬೇಕು. ಬೇಸಿಗೆಯಲ್ಲಿ ಬೋರು ಬತ್ತುತ್ತದೆ, ಟ್ಯಾಂಕರ್ ಬರುತ್ತದೆ. ಇದೇ ಮಾಂಜ್ರಾ ಕಣಿವೆಯ ಲಾತೂರು ತನ್ನ ಮಾರುಕಟ್ಟೆ, ಕೋಚಿಂಗ್ ಕ್ಲಾಸುಗಳ ಬಲದಿಂದ ಭರಭರ ಬೆಳೆದ ನಗರ. 2016ರ ಏಪ್ರಿಲ್‌ನಲ್ಲಿ ಅದರ ಅಣೆಕಟ್ಟು ಒಣಗಿ, 340 ಕಿಲೋಮೀಟರ್ ದೂರದ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಇದ್ದ ನೀರು ಕೆಡುವ ಚಿಂತೆಯೂ ಇದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶ ಕೆಲಸವನ್ನೇನೋ ಕೊಟ್ಟಿದೆ. ಅಲ್ಲಿಯ ರಾಸಾಯನಿಕ ವಾಸನೆ, ಕೆಟ್ಟ ಅಂತರ್ಜಲದ ಬಗ್ಗೆ ಸುತ್ತಲ ಹಳ್ಳಿಗಳ ದೂರು ಇಂದು ನಿನ್ನೆಯದಲ್ಲ.

ಜಗತ್ತಿನ ನಗರವಾಸಿಗಳಲ್ಲಿ ಅರ್ಧದಷ್ಟು ಮಂದಿ 5 ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲೇ ಇದ್ದಾರೆಂದು ವಿಶ್ವಸಂಸ್ಥೆಯ 2018ರ ಅಂದಾಜು ಹೇಳುತ್ತದೆ. ಯೋಜನೆಗಳ ಕಣ್ಣು ಮಾತ್ರ ದೊಡ್ಡ ನಗರಗಳ ಮೇಲೆ. ಸ್ಮಾರ್ಟ್ ಸಿಟಿ ಪಟ್ಟಿಗೆ ಕರ್ನಾಟಕದ ಏಳು ನಗರಗಳು ಸೇರಿದವು, ಕಲ್ಯಾಣ ಕರ್ನಾಟಕದ್ದು ಒಂದೂ ಇಲ್ಲ. 2015ರ ಅಮೃತ್ ಯೋಜನೆ ಹೆಚ್ಚುಕಡಿಮೆ ಲಕ್ಷ ಜನರಿರುವ ಊರಿಂದ ಮೇಲಕ್ಕೆ ನೋಡಿದ್ದರಿಂದ ಬೀದರ್‌ಗೆ ಸಿಕ್ಕಿತು, ಇವೆರಡಕ್ಕೆ ತಪ್ಪಿತು. ಸಣ್ಣ ಊರುಗಳ ಸರದಿ ಬಂದದ್ದು 2021ರ ಎರಡನೇ ಹಂತದಲ್ಲಿ. ಅದೇ ವರ್ಷದ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಸುಮಾರು 500 ಕೋಟಿ ರೂಪಾಯಿಯ, ಶರಣರ ಸಭೆಯ ಹೆಸರು ಹೊತ್ತ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಮಂಟಪ ಬರಲಿ, ಯಾತ್ರಿಕರೂ ಬರಲಿ. ಬಂದವರಿಗೆ ನೀರು, ಶೌಚಾಲಯ, ಗಟಾರದ ಲೆಕ್ಕವೂ ಅದರ ಜತೆಗೇ ಆಗಬೇಕು. ಬಸವಕಲ್ಯಾಣ ನಗರಸಭೆಯೂ ಹುಮನಾಬಾದ್ ಪುರಸಭೆಯೂ ಮುಂದಿನ ಬಡಾವಣೆಗೆ ಸಹಿ ಹಾಕುವ ಮೊದಲು, ಆ ಮನೆಗಳಿಗೆ ನೀರು ಯಾವ ಮೂಲದಿಂದ ಬರುತ್ತದೆ, ಕೊಳಚೆ ಯಾವ ಹಳ್ಳಕ್ಕೆ ಹೋಗುತ್ತದೆ ಎಂಬುದನ್ನು ನಕ್ಷೆಯ ಪಕ್ಕದಲ್ಲೇ ಬರೆದು ಜನರ ಮುಂದಿಡಲಿ. ಪ್ಲಾಟು ಕೊಳ್ಳುವವರೂ ಮುಂಗಡ ಕೊಡುವ ಮುನ್ನ ಅದನ್ನೇ ಕೇಳಲಿ.