ರೋಮಿನ ಐತಿಹ್ಯಗಳೂ ದೇವಾಲಯದ ಅಲಂಕಾರವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ನಮ್ಮ ಭಕ್ತವೃಂದದಲ್ಲಿ 'ಕೆರೆಗೆ ಹಾರ'ದ ಕಥೆಯನ್ನು ಅರಿಯದವರು ವಿರಳ. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿ ಬಲಿಯಾದ ಕಥೆಯದು. ರೋಮನ್ನರಲ್ಲಿಯೂ ಇದಕ್ಕೆ ಸಮೀಪವಾದ ಐತಿಹ್ಯವೊಂದುಂಟು. ಕ್ರಿ.ಪೂ. 362ರಲ್ಲಿ ರೋಮ್ ನಗರದ ಸಭಾಚೌಕದ ನಡುವೆ ನೆಲ ಬಾಯ್ದೆರೆಯಿತಂತೆ. ಎಷ್ಟು ಮಣ್ಣು ಸುರಿದರೂ ಅದು ತುಂಬಲಿಲ್ಲ. ರೋಮಿನ ಬಲವು ಯಾವುದರಲ್ಲಿದೆಯೋ ಅದನ್ನೇ ಅರ್ಪಿಸಬೇಕೆಂದು ಕಣಿ ಹೇಳುವವರು ನುಡಿದರು. ಶೌರ್ಯವೇ ಆ ಬಲವೆಂದು ಬಗೆದ ತರುಣ ಮಾರ್ಕುಸ್ ಕುರ್ತಿಯುಸನು ಆಯುಧ ಧರಿಸಿ, ಕುದುರೆಯೇರಿ, ಆ ಕಂದಕಕ್ಕೆ ಹಾರಿದನೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಭಾಗೀರಥಿಯನ್ನು ಹಿರಿಯರು ಆರಿಸಿದರು. ಕುರ್ತಿಯುಸನು ತನ್ನನ್ನು ತಾನೇ ಆರಿಸಿಕೊಂಡನು. ಈ ಭೇದ ಸಣ್ಣದಲ್ಲ.

ಅನ್ಯದೇವತೆಗಳನ್ನು ಪೂಜಿಸಿದವರ ಇಂಥ ಕಥೆಗಳಿಗೆ ಕ್ರೈಸ್ತರ ನಡುವೆ ಎಡೆ ದೊರೆತುದು ಹೇಗೆ? ಸಂತ ಅಗುಸ್ಟೀನರು 5ನೆಯ ಶತಮಾನದ ಆದಿಭಾಗದಲ್ಲಿ ರಚಿಸಿದ 'ದೇವನಗರ'ದಲ್ಲಿ ಕುರ್ತಿಯುಸನ ಪ್ರಸ್ತಾಪವಿದೆ. ಇಹದ ನಗರಕ್ಕಾಗಿ ಒಬ್ಬನು ಇಷ್ಟು ಮಾಡಿರುವಾಗ, ಸ್ವರ್ಗದ ನಗರಕ್ಕಾಗಿ ಪ್ರಾಣ ಕೊಟ್ಟ ಕ್ರೈಸ್ತನು ಅಹಂಕಾರಪಡಲು ಎಡೆಯೆಲ್ಲಿ ಎಂಬುದು ಅವರ ವಾದ. ಅವರು ಕಥೆಯನ್ನು ತಳ್ಳಿಹಾಕಲಿಲ್ಲ. ತಮ್ಮವರಿಗೆ ಅದನ್ನು ಅಳತೆಗೋಲಾಗಿಸಿದರು.

ಪುನರುಜ್ಜೀವನ ಕಾಲದ ಕಲೆಗಾರರೂ ಈ ಹಾದಿಯಲ್ಲೇ ನಡೆದರೆಂದು ನಮಗೆ ತೋರುತ್ತದೆ. ಜಗದ್ಗುರು ನಾಲ್ಕನೆಯ ಯುಜೀನರ ಕಾಲದಲ್ಲಿ ಶಿಲ್ಪಿ ಫಿಲರೇತೆಯು ಸಂತ ಪೇತ್ರರ ಮಹಾದೇವಾಲಯಕ್ಕೆ ಕಂಚಿನ ಬಾಗಿಲೊಂದನ್ನು ಎರಕಹೊಯ್ದು 1445ರಲ್ಲಿ ಮುಗಿಸಿದನು. ಅದರ ದೊಡ್ಡ ಅಂಕಣಗಳಲ್ಲಿ ಯೇಸುಸ್ವಾಮಿ, ಮಾತೆ ಮರಿಯಮ್ಮನವರು, ಸಂತ ಪೇತ್ರ ಪೌಲರು ಮತ್ತು ಆ ಪ್ರೇಷಿತರ ರಕ್ತಸಾಕ್ಷ್ಯ. ಅಂಚಿನ ಬಳ್ಳಿಸುರುಳಿಗಳಲ್ಲಿ ರೋಮಿನ ಪುರಾಣಗಳು, ಈಸೋಪನ ನೀತಿಕಥೆಗಳು. ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟಿದಾಗಲೂ ಈ ಬಾಗಿಲನ್ನು ಉಳಿಸಿಕೊಂಡರು. ಇಂದಿಗೂ ನಡುಬಾಗಿಲು ಅದೇ. ಮನೆಗಳಲ್ಲಾದರೋ ಈ ಕಥೆಗಳು ಅಂಚಿನಲ್ಲಿ ನಿಲ್ಲಲಿಲ್ಲ. ಇಟಲಿಯಲ್ಲಿ ಮದುವೆಯ ಪೆಟ್ಟಿಗೆಗಳನ್ನೂ ಮೆರುಗಿನ ಮಣ್ಣಿನ ತಟ್ಟೆಗಳನ್ನೂ ಅವು ಅಲಂಕರಿಸಿದವು. ಬಾಸೆಲ್ ನಗರದಲ್ಲಿ 1520ರ ಸುಮಾರಿಗೆ ಹೊಲ್ಬೈನನು ಮನೆಯೊಂದರ ಹೊರಗೋಡೆಯ ಮೇಲೆ, ಕುದುರೆಸಹಿತ ಬೀದಿಗೇ ಹಾರುವನೋ ಎಂಬಂತೆ ಕುರ್ತಿಯುಸನನ್ನು ಚಿತ್ರಿಸಿದನು. ದಾರಿಹೋಕರು ಬೆಚ್ಚಿರಬೇಕು!

ಇಟಲಿಯ ಮಂತುವಾದಲ್ಲಿ ಗೊನ್ಸಾಗ ಅರಸರ ಅರಮನೆಯ ಕೊಠಡಿಯೊಂದನ್ನು ಮಂತೆನ್ಯನು 1474ರಲ್ಲಿ ಚಿತ್ರಿಸಿ ಮುಗಿಸಿದನು. ಅದರ ಒಳಚಾವಣಿಯಲ್ಲಿ ಎಂಟು ಮಂದಿ ರೋಮನ್ ಚಕ್ರವರ್ತಿಗಳಿದ್ದಾರೆ. ಸಂತ ಅಲೋಶಿಯಸರು ಈ ಗೊನ್ಸಾಗ ವಂಶದ ಕುಡಿ. ಹಿರಿಯ ಮಗನಾಗಿ ತಮಗೆ ಬರಬೇಕಾದ ಸಂಸ್ಥಾನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದರು. ರೋಮಿನಲ್ಲಿ ಸಾಂಕ್ರಾಮಿಕ ಜಾಡ್ಯದವರ ಶುಶ್ರೂಷೆಗೆ ನಿಂತು, ತಾವೂ ರೋಗಕ್ಕೆ ತುತ್ತಾಗಿ, 1591ರಲ್ಲಿ 23ನೆಯ ವಯಸ್ಸಿನಲ್ಲಿ ಪ್ರಭುವಿನ ಪಾದ ಸೇರಿದರು. ಕುರ್ತಿಯುಸನು ಹಾರಿದನೆನ್ನುವ ಊರೂ ಅದೇ.

ಅರಮನೆಯ ಚಾವಣಿಗಳನ್ನು ಬಿಟ್ಟುಬಂದ ಆ ಸಂತರ ಜೀವನವೇ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಚಾವಣಿಯೇರಿದೆ. ಬೆರ್ಗಾಮೊ ಬಳಿ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಲ್ಲಿ ಅಲ್ಲಿಗೆ ಬಂದು, ಗೋಡೆಗಳ ಮೇಲೆ ಹಸಿಗಾರೆಯ ಚಿತ್ರಗಳನ್ನೂ ಚಾವಣಿಗೆ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳನ್ನೂ ರಚಿಸಿದರು. ಅವರು ಬಿಡಿಸಿದ ಹೂಬಳ್ಳಿಗಳು ಆ ಹಳೆಯ ಅಂಚಿನ ಕಲೆಯ ಸಂತತಿಯೇ ಸರಿ. ಆದರೆ ಅವುಗಳ ನಡುವೆ ಕುರ್ತಿಯುಸನಿಲ್ಲ. ನಮ್ಮ ಭಾಗೀರಥಿಯೂ ಇಲ್ಲ. ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು.