ಬಂಡೆಯಲ್ಲಿ ಕಾಣದ ಹೆಂಡತಿ

1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯಲ್ಲಿ ಸಿಕ್ಕ ಶಾಸನ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಶಾಲೆಯ ಪಾಠದಲ್ಲಿ ಮಸ್ಕಿಯ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಈ ಸೀಮೆಯ ಸುತ್ತಮುತ್ತ ಆ ಅರಸ ಕೆತ್ತಿಸಿದ ಬರೆಹಗಳಲ್ಲಿ ಮನೆಯೊಳಗಿನ ನಡತೆಯ ಮಾತೂ ಉಂಟು. ಅದನ್ನು ಗಮನಿಸುವವರು ಕಡಿಮೆ.

ಸಿಂಧನೂರಿನ ಕಡೆಯಿಂದ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ. ಇನ್ನೂ ಮುಂದೆ ಕರ್ನೂಲು ಜಿಲ್ಲೆಯ ಎರ್ರಗುಡಿ. ಇಲ್ಲಿನ ಕಿರುಶಾಸನಗಳು ತಾಯಿತಂದೆಯರಿಗೆ ವಿಧೇಯರಾಗಿರಿ, ಜೀವಿಗಳಲ್ಲಿ ದಯೆಯಿರಲಿ, ಬಂಧುಗಳೊಡನೆ ತಕ್ಕಂತೆ ನಡೆಯಿರಿ ಎನ್ನುತ್ತವೆ. ಎರ್ರಗುಡಿಯಲ್ಲೇ ಇರುವ ನಾಲ್ಕನೆಯ ಬಂಡೆಶಾಸನವಂತೂ, ಜೀವಿಗಳ ಕೊಲೆ, ಹಿಂಸೆ, ಬಂಧುಗಳೊಡನೆ ಅನುಚಿತ ವರ್ತನೆ ಇವು ನೂರಾರು ವರ್ಷಗಳಿಂದ ಬೆಳೆಯುತ್ತ ಬಂದಿವೆಯೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಕಳಿಂಗದಲ್ಲಿ ರಕ್ತ ಹರಿಸಿದವನು ಮನೆಯ ಒರಟುತನವನ್ನೂ ಕೊಲೆಯ ಸಾಲಿನಲ್ಲೇ ಇಟ್ಟನೆಂಬುದು ಸಣ್ಣ ಸಂಗತಿಯಲ್ಲ.

ಆದರೂ ಅಶೋಕನ ಶಾಸನಗಳನ್ನು ಓದುತ್ತ ಹೋದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ತಾಯಿ, ತಂದೆ, ಗುರು, ಹಿರಿಯರು, ಬಂಧು, ಸ್ನೇಹಿತ, ಕಡೆಗೆ ದಾಸರು, ಆಳುಗಳ ಹೆಸರೂ ಬರುತ್ತದೆ. ಗಂಡನಾದವನು ಹೆಂಡತಿಯೊಡನೆ ಹೇಗಿರಬೇಕೆಂಬ ಮಾತು ಮಾತ್ರ ಇಲ್ಲ. ಹನ್ನೆರಡನೆಯ ಶಾಸನದಲ್ಲಿ ಸ್ತ್ರೀಯರ ವಿಚಾರ ನೋಡಿಕೊಳ್ಳುವ ಮಹಾಮಾತ್ರರ ಉಲ್ಲೇಖವಿದೆ. ಹೊಡೆತ ತಿಂದವಳ ಅಹವಾಲನ್ನು ಅವರು ಕೇಳುತ್ತಿದ್ದರು ಎನ್ನಲು ಅದರಲ್ಲಿ ಆಧಾರವಿಲ್ಲ.

ನಮ್ಮ ಕಾಲದ ಕಾನೂನೂ ಅವಸರವನ್ನೇನೂ ತೋರಲಿಲ್ಲ. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಪ್ರತ್ಯೇಕ ಅಪರಾಧವೆಂದ 498 ಎ ಕಲಮು ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು. ಆದರೆ ಗಂಡನ ಮೇಲೆ ಪೊಲೀಸರಿಗೆ ದೂರು ಕೊಟ್ಟ ಹೆಣ್ಣು ಆ ರಾತ್ರಿ ಎಲ್ಲಿ ಮಲಗಬೇಕು? ಇದಕ್ಕೆ ಉತ್ತರವಾಗಿ ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆ, ಮನೆ ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಕೊಟ್ಟಿತು. ಹೊಡೆತವಷ್ಟೇ ಅಲ್ಲ, ಅವಮಾನಿಸುವುದು, ಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಹಿಂಸೆಯೇ ಎಂದಿತು. ಹೆಂಡತಿಯಲ್ಲದೆ ತಾಯಿ, ಅಕ್ಕತಂಗಿಯರೂ ಇದರ ರಕ್ಷಣೆ ಕೇಳಬಹುದು.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಸಂರಕ್ಷಣಾಧಿಕಾರಿಯ ಹೊಣೆ ವಹಿಸಲಾಯಿತು. ಲಿಂಗಸುಗೂರು, ಸಿಂಧನೂರುಗಳಲ್ಲಿ ಅಂಗನವಾಡಿಗಳ ಕೆಲಸಕ್ಕೆಂದು ಜನ ಹೋಗಿಬರುವ ಕಚೇರಿಯದು. ಅಲ್ಲಿ ಹೇಳಿಕೊಂಡರೆ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಆಕೆ ನೇರವಾಗಿಯೂ ಅರ್ಜಿ ಕೊಡಬಹುದು. ಗೋಡೆಯಾಚೆ ಅಳು ಕೇಳಿದ ನೆರೆಯವರೂ ಸುದ್ದಿ ಮುಟ್ಟಿಸಬಹುದು. ಸದ್ಭಾವನೆಯಿಂದ ಹಾಗೆ ಮಾಡಿದವರನ್ನು ಕಾಯ್ದೆಯ 4ನೆಯ ಕಲಮು ಕಾಪಾಡುತ್ತದೆ.